ಗಾಳಿ ನೋಡಿ ದಾರಿ ಹಿಡಿ: ಲಾನ್ಸರೋಟೆಯಲ್ಲಿ ಸೈಕಲ್ ಗೈಡ್ ಮಾಡುವ ಕೆಲಸ ಏನು?

ಲಾನ್ಸರೋಟೆ ದ್ವೀಪದ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಸುಮಾರು 670 ಮೀಟರ್. ನಮ್ಮ ನಂದಿ ಬೆಟ್ಟದ ಅರ್ಧ ಎತ್ತರವೂ ಇಲ್ಲ. ಈ ತುದಿಯಿಂದ ಆ ತುದಿಗೆ ಉದ್ದ 60 ಕಿ.ಮೀ. ಆಸುಪಾಸು, ಅಗಲ ಹೆಚ್ಚೆಂದರೆ 25 ಕಿ.ಮೀ. ರಸ್ತೆಗಳೂ ಕಮ್ಮಿ. ದಾರಿ ತಪ್ಪಿದರೂ ಸ್ವಲ್ಪ ಹೊತ್ತು ಪೆಡಲ್ ತುಳಿದರೆ ಯಾವುದಾದರೂ ಊರು ಸಿಗುತ್ತದೆ, ಇಲ್ಲವೇ ಸಮುದ್ರ ಸಿಗುತ್ತದೆ. ಹೀಗಿರುವಾಗ ಇಲ್ಲಿ ಸೈಕಲ್ ಹೊಡೆಯಲು ಜನ ದುಡ್ಡು ಕೊಟ್ಟು ಗೈಡ್ ಯಾಕೆ ಇಟ್ಟುಕೊಳ್ಳುತ್ತಾರೆ?

ದಾರಿ ತೋರಿಸಲಿ ಅಂತ ಅಲ್ಲ. ದಾರಿ ಮೊಬೈಲೇ ತೋರಿಸುತ್ತದೆ. ಗೈಡ್‌ನ ನಿಜವಾದ ಕೆಲಸ ಗಾಳಿಯನ್ನು ನೋಡಿ ದಿನದ ದಾರಿ ಕಟ್ಟುವುದು. ಇವತ್ತು ಯಾವ ಕಡೆಯಿಂದ ಹೊರಡಬೇಕು, ಯಾವ ಏರನ್ನು ಬೆಳಿಗ್ಗೆಯೇ ಮುಗಿಸಬೇಕು, ಎಲ್ಲಿ ಗುಂಪು ಒತ್ತಾಗಿ ಹೋಗಬೇಕು, ಎಲ್ಲಿ ಬಿಡಿಬಿಡಿಯಾಗಿ ಇಳಿಯಬೇಕು, ಇದೆಲ್ಲ ಗಾಳಿಯ ಮೇಲೆ ನಿಂತಿರುತ್ತದೆ. ಇದು ಅರ್ಥವಾದರೆ ದ್ವೀಪದ ಅರ್ಧ ಕಥೆ ಅರ್ಥವಾದ ಹಾಗೆ. ಅಲ್ಲಿನ ದ್ರಾಕ್ಷಿ ತೋಟಗಳೂ ಈ ಗಾಳಿಗೆ ಹೆದರಿಯೇ ಹಾಗಿವೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಜಾಗ ಎಲ್ಲಿದೆ ಅಂತ ನೋಡಿಬಿಡೋಣ. ಲಾನ್ಸರೋಟೆ ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲೊಂದು. ಹೆಸರಿಗೆ ಸ್ಪೇನ್, ಆದರೆ ಅದು ಇರುವುದು ಆಫ್ರಿಕಾದ ಪಕ್ಕ. ಆಫ್ರಿಕಾದ ಕರಾವಳಿ ಸುಮಾರು 130 ಕಿ.ಮೀ. ದೂರ, ಸ್ಪೇನ್‌ನ ನೆಲ ಸಾವಿರ ಕಿ.ಮೀ. ದೂರ. ಯುರೋಪ್ ಚಳಿಯಲ್ಲಿ ನಡುಗುವ ಡಿಸೆಂಬರ್, ಜನವರಿಯಲ್ಲೂ ಇಲ್ಲಿ ಹಗಲು 20 ಡಿಗ್ರಿ ಇರುತ್ತದೆ. ಹಾಗಾಗಿ ಚಳಿಗಾಲ ಬಂತೆಂದರೆ ಸೈಕಲ್ ಪಟುಗಳು ಅಭ್ಯಾಸಕ್ಕೆ ಇಲ್ಲಿಗೆ ಬರುತ್ತಾರೆ. 1992ರಿಂದ ಇಲ್ಲಿ ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧೆ ನಡೆಯುತ್ತಿದೆ. ಅದರಲ್ಲಿ ಸೈಕಲ್ ಭಾಗವೇ 180 ಕಿ.ಮೀ. ಬೆಟ್ಟಗಳು ದೊಡ್ಡವಲ್ಲದಿದ್ದರೂ ಅದನ್ನು ಕಷ್ಟದ ಸ್ಪರ್ಧೆ ಅನ್ನುವುದಕ್ಕೆ ಗಾಳಿಯೇ ದೊಡ್ಡ ಕಾರಣ.

ಈ ಗಾಳಿ ಬರುವುದು ಎಲ್ಲಿಂದ?

ಸಮಭಾಜಕದ ಹತ್ತಿರ ಬಿಸಿಲಿಗೆ ಕಾದ ಗಾಳಿ ಮೇಲೇರುತ್ತದೆ. ಮೇಲೆ ಹೋಗಿ, ಉತ್ತರದ ಕಡೆ ಸರಿದು, ತಣ್ಣಗಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಕೆಳಗಿಳಿಯುತ್ತದೆ. ಇಳಿದ ಗಾಳಿ ಮತ್ತೆ ಸಮಭಾಜಕದ ಕಡೆಗೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧದಲ್ಲಿ ಅದು ಬಲಕ್ಕೆ ವಾಲುತ್ತದೆ. ಹೀಗೆ ಈಶಾನ್ಯದಿಂದ ಬೀಸುವ ಗಾಳಿಗೆ ವಾಣಿಜ್ಯ ಮಾರುತ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಇದ್ದೇವೆ. ಕ್ಯಾನರಿ ಜನ ಇದನ್ನು ಅಲಿಸಿಯೊಸ್ ಅನ್ನುತ್ತಾರೆ.

ಲಾನ್ಸರೋಟೆ ಇರುವುದು 29 ಡಿಗ್ರಿ ಉತ್ತರದಲ್ಲಿ, ಸರಿಯಾಗಿ ಈ ಗಾಳಿಯ ಬಾಯಿಗೆ. ವರ್ಷದ ಬಹುಪಾಲು ದಿನ ಗಾಳಿ ಉತ್ತರ ಅಥವಾ ಈಶಾನ್ಯದಿಂದಲೇ. ಬೇಸಿಗೆಯಲ್ಲಿ ಜೋರು, ಚಳಿಗಾಲದಲ್ಲಿ ಸ್ವಲ್ಪ ಮೆತ್ತಗೆ. ದಿನದ ಲೆಕ್ಕದಲ್ಲಿ ನೋಡಿದರೆ ಬೆಳಿಗ್ಗೆ ಸಾಮಾನ್ಯವಾಗಿ ಕಮ್ಮಿ, ನೆಲ ಕಾಯುತ್ತಾ ಹೋದಂತೆ ಮಧ್ಯಾಹ್ನಕ್ಕೆ ಜಾಸ್ತಿ.

ಇದೇ ಕ್ಯಾನರಿ ಗುಂಪಿನ ತೆನೆರೀಫೆ ದ್ವೀಪದಲ್ಲಿ 3,715 ಮೀಟರ್ ಎತ್ತರದ ಪರ್ವತ ಇದೆ. ಗಾಳಿ ಹೊತ್ತು ತರುವ ಮೋಡ ಅದಕ್ಕೆ ಬಡಿದು ಬೆಟ್ಟದ ಒಂದು ಮಗ್ಗುಲನ್ನು ಹಸಿರಾಗಿ ಇಟ್ಟಿದೆ. ಲಾನ್ಸರೋಟೆ ಕುಳ್ಳ. ಮೋಡ ತಲೆಯ ಮೇಲೆ ಹಾದು ಹೋಗುತ್ತದೆ. ವರ್ಷಕ್ಕೆ ಬೀಳುವ ಮಳೆ 150 ಮಿ.ಮೀ. ಹತ್ತಿರ. ನಮ್ಮ ಚಿತ್ರದುರ್ಗದ ಬರಡು ಸೀಮೆಯವರೂ ಇದನ್ನು ಮಳೆ ಅನ್ನಲಿಕ್ಕಿಲ್ಲ. ಮರ ಅಪರೂಪ, ಕಾಡು ಇಲ್ಲ. ಅಂದರೆ ಸೈಕಲ್ ಹೊಡೆಯುವವನಿಗೆ ಗಾಳಿಯಿಂದ ಮರೆ ಅನ್ನುವುದೇ ಇಲ್ಲ.

ಈಗ ಸ್ವಲ್ಪ ಲೆಕ್ಕ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯಿಲ್ಲದ ದಿನ ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆಗ ಎದೆಗೆ ಬಡಿಯುವ ಗಾಳಿಯ ವೇಗವೂ 20. ಎದುರಿನಿಂದ 25 ಕಿ.ಮೀ. ವೇಗದ ಗಾಳಿ ಬಂದರೆ ಎದೆಗೆ ಬಡಿಯುವುದು 45. ತಡೆ ಎಷ್ಟು ಪಟ್ಟು ಏರಿತು? ಎರಡೂ ಕಾಲು ಪಟ್ಟು ಅಲ್ಲ, ಅದರ ವರ್ಗ. ಅಂದರೆ ಐದು ಪಟ್ಟು! ರಸ್ತೆ ಸಪಾಟಾಗಿದ್ದರೂ ಕಾಲಿಗೆ ಬೆಟ್ಟ ಹತ್ತಿದ ಅನುಭವ. ಅದೇ ಗಾಳಿ ಬೆನ್ನಿಗಿದ್ದು ನೀವು 30ರಲ್ಲಿ ಹೋದರೆ ನಿಮಗೆ ತಾಗುವುದು ಬರೀ 5 ಕಿ.ಮೀ. ವೇಗದ ಗಾಳಿ. ಕಿವಿಯ ಹತ್ತಿರ ಸದ್ದೇ ಇರುವುದಿಲ್ಲ. 'ಅಬ್ಬಾ, ಇವತ್ತು ನನಗೆ ಎಂಥ ಶಕ್ತಿ ಬಂದಿದೆ!' ಅನ್ನಿಸುತ್ತದೆ.

ಮೋಸ ಇರುವುದೇ ಅಲ್ಲಿ. ಮೊದಲ ದಿನ ಬಾಡಿಗೆ ಸೈಕಲ್ ಹಿಡಿದು ಒಬ್ಬರೇ ಹೊರಟವರು ಪ್ವೆರ್ತೊ ದೆಲ್ ಕಾರ್ಮೆನ್ ಊರಿನಿಂದ ನೈಋತ್ಯದ ಕಡೆ ಹಾರಿಕೊಂಡು ಹೋಗುತ್ತಾರೆ. 30 ಕಿ.ಮೀ. ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಊಟ ಮಾಡಿ ತಿರುಗುವ ಹೊತ್ತಿಗೆ ಮಧ್ಯಾಹ್ನದ ಗಾಳಿ ಎದ್ದಿರುತ್ತದೆ. ವಾಪಸ್ ಬರುವಾಗ ಗಂಟೆಗೆ 12 ಕಿ.ಮೀ. ಅಂದರೆ ಎರಡೂವರೆ ಗಂಟೆ, ಬಿಸಿಲಲ್ಲಿ. 'ಹೋಗುವಾಗ ಉಳಿಸಿದ್ದು ಬರುವಾಗ ಸರಿಹೋಯಿತು' ಅನ್ನುವ ಹಾಗಿಲ್ಲ. ಗಾಳಿಯಿಲ್ಲದ ದಿನ 22ರ ವೇಗದಲ್ಲಿ ಹೋಗಿ ಬಂದಿದ್ದರೆ ಎಲ್ಲ ಸೇರಿ ಎರಡು ಮುಕ್ಕಾಲು ಗಂಟೆ ಸಾಕಿತ್ತು. ಇಲ್ಲಿ ಮೂರೂವರೆ ಆಯಿತು. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಹಿಂದಿನ ಗಾಳಿ ಬೇಗ ಮುಗಿದುಹೋಗುತ್ತದೆ. ಅದಕ್ಕೇ ಈ ಲೆಕ್ಕ ಯಾವತ್ತೂ ಚುಕ್ತಾ ಆಗುವುದಿಲ್ಲ.

ಗೈಡ್ ಮಾಡುವ ಮೊದಲ ಕೆಲಸ ಇದನ್ನು ತಿರುಗಿಸಿ ಹಾಕುವುದು. ಬೆಳಿಗ್ಗೆ ಗಾಳಿ ಮೆತ್ತಗಿರುವಾಗ, ಕಾಲಲ್ಲಿ ಕಸುವಿರುವಾಗ ಎದುರುಗಾಳಿಯ ಕಡೆಗೆ. ಸುಸ್ತಾದ ಮೇಲೆ ಗಾಳಿ ಬೆನ್ನಿಗೆ. ಕೇಳಿದರೆ 'ಇಷ್ಟೇನಾ?' ಅನ್ನಿಸಬಹುದು. ಆದರೆ ಬೆಟ್ಟ, ತಿರುವು, ಬಸ್ಸುಗಳ ಸಮಯ, ಕಾಫಿ ಸಿಗುವ ಜಾಗ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರು, ಇವೆಲ್ಲವನ್ನೂ ಸೇರಿಸಿ ಹಾಗೆ ಒಂದು ಸುತ್ತು ಕಟ್ಟುವುದು ಸುಲಭ ಅಲ್ಲ.

ಉತ್ತರದ ಸುತ್ತು

ಉದಾಹರಣೆಗೆ ಉತ್ತರದ ಸುತ್ತನ್ನೇ ತೆಗೆದುಕೊಳ್ಳಿ. ಗುಂಪು ಹಳೆಯ ರಾಜಧಾನಿ ತೆಗೀಸೆ ದಾಟಿ ಲೋಸ್ ವಾಯೆಸ್ ಕಡೆ ಏರುತ್ತದೆ. ವಿದ್ಯುತ್ ಗಾಳಿಯಂತ್ರಗಳು ಅಲ್ಲಿ ಸಾಲಾಗಿ ನಿಂತಿವೆ. ಗಾಳಿಯಂತ್ರ ಹಾಕಿದ ಜಾಗ ಅಂದರೆ ಗಾಳಿ ಎಷ್ಟಿರಬಹುದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಈ ಏರಿನಲ್ಲಿ ಗೈಡ್ ಮುಂದೆ ಇರುತ್ತಾರೆ, ಉಳಿದವರು ಅವರ ಹಿಂದೆ ಒತ್ತೊತ್ತಾಗಿ. ಮುಂದಿನವರ ಚಕ್ರಕ್ಕೆ ಹತ್ತಿರವಾಗಿ ಹೋದರೆ ಸಪಾಟು ರಸ್ತೆಯಲ್ಲಿ ಹಿಂದಿನವರ ಶ್ರಮ ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಉಳಿತಾಯವಾಗುತ್ತದೆ. ಮುಂದಿನವರು ಗಾಳಿಯನ್ನು ಸೀಳಿ ಕೊಡುತ್ತಾರೆ, ಹಿಂದಿನವರು ಆ ಸೀಳಿನೊಳಗೆ ಕೂರುತ್ತಾರೆ. ಸೋಮಾರಿತನ ಅಂತ ನಾಚಿಕೊಳ್ಳುವುದು ಬೇಡ. ವೃತ್ತಿ ಸೈಕಲ್ ರೇಸುಗಳು ನಡೆಯುವುದೇ ಈ ಹೊಂಚಿನ ಮೇಲೆ.

ಆದರೆ ಅಭ್ಯಾಸ ಇಲ್ಲದವರಿಗೆ ಅಷ್ಟು ಹತ್ತಿರ ಹೋಗಲು ಹೆದರಿಕೆ. ನಿಜ, ಮುಂದಿನ ಚಕ್ರಕ್ಕೆ ನಿಮ್ಮ ಚಕ್ರ ತಾಗಿದರೆ ಬೀಳುವುದು ನೀವೇ. ಹಾಗಾಗಿ ಹೊರಡುವ ಮೊದಲು ಹತ್ತು ನಿಮಿಷ ಗೈಡ್ ಕೈಸನ್ನೆ ಹೇಳಿಕೊಡುತ್ತಾರೆ. ಕೈ ಕೆಳಗೆ ಮಾಡಿ ಬೆರಳು ತೋರಿಸಿದರೆ ಗುಂಡಿ ಇಲ್ಲವೇ ಕಲ್ಲು. ಅಂಗೈ ಹಿಂದಕ್ಕೆ ಚಾಚಿದರೆ ನಿಲ್ಲುತ್ತಿದ್ದೇನೆ ಅಂತ. ಬೆನ್ನ ಹಿಂದೆ ಕೈ ಬೀಸಿದರೆ ಪಕ್ಕದಲ್ಲಿ ಏನೋ ಅಡ್ಡ ಇದೆ, ಸರಿಯಿರಿ. ಈ ಹತ್ತು ನಿಮಿಷವನ್ನು ಹಾರಿಸಿ ಹೊರಟುಬಿಡುವ ಗೈಡ್ ಸಿಕ್ಕರೆ ಅವರ ಜೊತೆ ಹೋಗದಿರುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಮೇಲಿನ ಚಪ್ಪಟೆ ಜಾಗ ಮುಗಿದ ಕೂಡಲೇ ಆರಿಯಾ ಕಣಿವೆಗೆ ಇಳಿಜಾರು. ಹೇರ್‌ಪಿನ್ ತಿರುವುಗಳು ಒಂದರ ಹಿಂದೆ ಒಂದು. ಕೆಳಗೆ ತಾಳೆಯಂಥ ಮರಗಳ ಗುಂಪು, ಬಿಳಿ ಮನೆಗಳು. ಇಲ್ಲಿ ಗೈಡ್ ಎಲ್ಲರನ್ನೂ ನಿಲ್ಲಿಸಿ ಒಂದು ಮಾತು ಹೇಳುತ್ತಾರೆ: ಪ್ರತಿ ತಿರುವಿನಲ್ಲೂ ಗಾಳಿಯ ದಿಕ್ಕು ಬದಲಾಗುತ್ತದೆ. ನಿಜವಾಗಿ ಬದಲಾಗುವುದು ಗಾಳಿ ಅಲ್ಲ, ನೀವು. ಎದುರಿಗಿದ್ದ ಗಾಳಿ ತಿರುವು ಮುಗಿದ ಕೂಡಲೇ ಪಕ್ಕಕ್ಕೆ ಬಡಿಯುತ್ತದೆ, ಇನ್ನೊಂದು ತಿರುವಿಗೆ ಬೆನ್ನಿಗೆ ಬರುತ್ತದೆ. ಪಕ್ಕದ ಗಾಳಿ ಬಡಿದಾಗ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಮೈ ಬಿಗಿ ಮಾಡಿಕೊಂಡರೆ ಸೈಕಲ್ ಇನ್ನೂ ಜಾಸ್ತಿ ಅಲ್ಲಾಡುತ್ತದೆ. ಮೈ ಸಡಿಲ, ಮೊಣಕೈ ಸ್ವಲ್ಪ ಮಡಚಿ, ಕೈ ಹ್ಯಾಂಡಲ್‌ನ ಕೆಳಭಾಗದಲ್ಲಿ. ಏರುವಾಗ ಒತ್ತಾಗಿದ್ದ ಗುಂಪು ಇಳಿಯುವಾಗ ಬಿಡಿಯಾಗಬೇಕು, ಒಬ್ಬರಿಗೊಬ್ಬರು ಸಾಕಷ್ಟು ಅಂತರ ಬಿಟ್ಟು. ಬ್ರೇಕನ್ನು ಹಿಡಿದೇ ಇರುವುದಲ್ಲ, ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡುವುದು.

ಇದೇ ಕಾರಣಕ್ಕೆ ಚಕ್ರದ ಆಯ್ಕೆಯೂ ಮುಖ್ಯ. ರೇಸಿನವರು ಇಷ್ಟಪಡುವ ಅಗಲವಾದ, ಆಳದ ರಿಮ್ ನೋಡಲು ಚೆಂದ. ಪಕ್ಕದ ಗಾಳಿಗೆ ಅದು ಹಾಯಿಯ ಹಾಗೆ. ಸೈಕಲ್ಲನ್ನೇ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಬಾಡಿಗೆಗೆ ತೆಗೆದುಕೊಳ್ಳುವಾಗ ಸಾದಾ ರಿಮ್, ಡಿಸ್ಕ್ ಬ್ರೇಕ್, ಹಗುರ ಗೇರು ಇರುವ ಸೈಕಲ್ ಕೇಳುವುದು ಒಳ್ಳೆಯದು.

ಆರಿಯಾದಿಂದ ಮುಂದೆ ಮಿರಾದೋರ್ ದೆಲ್ ರಿಯೊ. ಬಂಡೆಯ ಅಂಚಿನಲ್ಲಿ, ಸಮುದ್ರದಿಂದ ಸುಮಾರು 475 ಮೀಟರ್ ಮೇಲೆ, ಹೊರಗಿನಿಂದ ಕಾಣದ ಹಾಗೆ ಬಂಡೆಯೊಳಗೇ ಕಟ್ಟಿದ ನೋಟದ ಮನೆ. ಕೆಳಗೆ ಲಾ ಗ್ರಸಿಯೋಸಾ ಅನ್ನುವ ಪುಟ್ಟ ದ್ವೀಪ ಕಾಣುತ್ತದೆ. ಇದನ್ನು ರೂಪಿಸಿದವರು ಸೆಸಾರ್ ಮನ್ರೀಕೆ ಎಂಬ ಕಲಾವಿದ. 1919ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದವರು. ಊರಿನ ಮನೆಗಳು ಬಿಳಿಯಾಗಿಯೇ, ತಗ್ಗಾಗಿಯೇ ಇರಲಿ, ರಸ್ತೆ ಬದಿ ಜಾಹೀರಾತಿನ ಫಲಕ ಬೇಡ ಅಂತ ಹಟ ಹಿಡಿದು ಸಾಧಿಸಿದವರು. 1992ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸೈಕಲ್ ಮೇಲೆ ಹೋಗುವಾಗ ಕಣ್ಣಿಗೆ ಫ್ಲೆಕ್ಸು, ಬೋರ್ಡು ಏನೂ ಅಡ್ಡ ಬರದಿರುವುದು ಅವರಿಂದ. ನಮ್ಮ ಊರಿನ ಸರ್ಕಲ್‌ಗಳನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ.

ಅಲ್ಲಿಂದ ಪೂರ್ವ ಕರಾವಳಿಗೆ ಇಳಿದು ದಕ್ಷಿಣಕ್ಕೆ ತಿರುಗಿದರೆ ಗಾಳಿ ಬೆನ್ನಿಗೆ. ಬೆಳಿಗ್ಗೆ ಪಟ್ಟ ಪಾಡೆಲ್ಲ ಇಲ್ಲಿ ವಸೂಲಿ. ಈ ದಾರಿಯಲ್ಲಿ ಒಂದು ತಮಾಷೆ ಇದೆ. ಲಾ ಕೊರೋನಾ ಎಂಬ ಜ್ವಾಲಾಮುಖಿಯಿಂದ ಹರಿದ ಲಾವಾ ಇಲ್ಲಿ ನೆಲದಡಿ ಉದ್ದನೆಯ ಸುರಂಗ ಮಾಡಿದೆ. ಹಾಲು ಕಾಯಿಸಿ ಇಟ್ಟರೆ ಮೇಲೆ ಕೆನೆ ಕಟ್ಟಿ ಒಳಗೆ ಹಾಲು ಬಿಸಿಯಾಗೇ ಇರುತ್ತದಲ್ಲ, ಹಾಗೆ. ಲಾವಾದ ಮೇಲ್ಪದರ ಗಟ್ಟಿಯಾಯಿತು, ಒಳಗಿನದು ಹರಿಯುತ್ತಲೇ ಇತ್ತು. ಮೇಲಿನಿಂದ ಬರುವುದು ನಿಂತಾಗ ಒಳಗಿದ್ದದ್ದು ಹರಿದುಹೋಗಿ ಟೊಳ್ಳು ಕೊಳವೆ ಉಳಿಯಿತು. ಅದು ಕಿಲೋಮೀಟರುಗಟ್ಟಲೆ ಹೋಗಿ ಕೊನೆಗೆ ಸಮುದ್ರದ ಅಡಿಗೂ ಚಾಚಿದೆ. ಹಿಂದೆ ಕಡಲ್ಗಳ್ಳರು ಬಂದಾಗ ಊರಿನವರು ಇದರೊಳಗೆ ಅಡಗುತ್ತಿದ್ದರು. ಛಾವಣಿ ಕುಸಿದು ಬಾಯಿ ತೆರೆದ ಒಂದು ಕಡೆ ಹಮೇಯೊಸ್ ದೆಲ್ ಆಗ್ವಾ ಎಂಬ ಜಾಗ ಇದೆ. ಅಲ್ಲಿನ ಉಪ್ಪುನೀರಿನ ಕೊಳದಲ್ಲಿ ಕಣ್ಣು ಕಾಣದ, ಬಿಳಿಯ, ಉಗುರಿನಷ್ಟು ಪುಟ್ಟ ಏಡಿಗಳಿವೆ. ಸುಮ್ನೆ ಹಾದು ಹೋಗಬೇಡಿ, ಸೈಕಲ್ ನಿಲ್ಲಿಸಿ ನೋಡಿ.

ಗಟ್ಟಿ ಕಾಲಿನವರಿಗೆ ಇದೇ ಕರಾವಳಿಯಿಂದ ತಬಾಯೆಸ್ಕೊ ಎಂಬ ಏರು ಇದೆ. ಸಮುದ್ರದ ಮಟ್ಟದಿಂದ ಶುರುವಾಗಿ ಸುಮಾರು ಹತ್ತು ಕಿ.ಮೀ.ನಲ್ಲಿ 600 ಮೀಟರ್ ಹತ್ತಿರಕ್ಕೆ ಏರುತ್ತದೆ. ಮೈತೂಕ 75 ಕಿಲೋ, ಸೈಕಲ್ 10 ಕಿಲೋ ಅಂದುಕೊಂಡರೆ ಬರೀ ಎತ್ತರ ಏರಲು ದೇಹ ಸುಮಾರು 500 ಕಿಲೋಕ್ಯಾಲರಿ ಸುಡುತ್ತದೆ. ಅಂದರೆ ಒಂದು ಒಳ್ಳೆಯ ಮಸಾಲೆ ದೋಸೆ, ಜೊತೆಗೆ ಕಾಫಿ. ಬೆಂಗಳೂರಿನಿಂದ ಭಾನುವಾರ ಬೆಳಿಗ್ಗೆ ನಂದಿಯ ಏರು ಏರುವವರು ಇದನ್ನೂ ಆರಾಮಾಗಿ ಏರುತ್ತಾರೆ. ನಂದಿಯಷ್ಟು ಕಡಿದಾಗಿಲ್ಲ, ಆದರೆ ಉದ್ದ ಜಾಸ್ತಿ. ನೆರಳು ಮಾತ್ರ ಇಲ್ಲ.

ಆರು ವರ್ಷ ಉರಿದ ನೆಲ

ದಕ್ಷಿಣದ ಸುತ್ತು ಬೇರೆಯೇ ಲೋಕ. 1730ರ ಸೆಪ್ಟೆಂಬರ್ 1ರ ರಾತ್ರಿ, ಒಂಬತ್ತು ಹತ್ತು ಗಂಟೆಯ ನಡುವೆ ತಿಮನ್‌ಫಾಯಾ ಊರಿನ ಹತ್ತಿರ ನೆಲ ಬಿರಿಯಿತು. ಯಾಯ್ಸಾ ಊರಿನ ಪಾದ್ರಿ ಆಂದ್ರೇಸ್ ಲೊರೆನ್ಸೊ ಕುರ್ಬೆಲೊ ಕಂಡದ್ದನ್ನು ಬರೆದಿಟ್ಟರು. ಅದರಿಂದಲೇ ಇವತ್ತು ನಮಗೆ ಆ ದಿನಗಳು ಗೊತ್ತು. ಒಂದು ರಾತ್ರಿಯ ಕಥೆ ಅಲ್ಲ ಇದು. 1736ರ ಏಪ್ರಿಲ್‌ವರೆಗೆ, ಬಿಟ್ಟು ಬಿಟ್ಟು, ಸುಮಾರು ಆರು ವರ್ಷ ಬೆಂಕಿ ಉಕ್ಕಿತು. ಒಂದೇ ಬೆಟ್ಟದ ಬಾಯಿಯಿಂದಲೂ ಅಲ್ಲ. ನೆಲದ ಉದ್ದನೆಯ ಬಿರುಕಿನ ಗುಂಟ ಒಂದಾದ ಮೇಲೊಂದು ಬಾಯಿ ತೆರೆಯಿತು. ಹಾಗಾಗಿಯೇ ಇವತ್ತು ಗುಡ್ಡಗಳು ಸಾಲಾಗಿ, ಮಣ್ಣು ಸುರಿದ ರಾಶಿಗಳ ಹಾಗೆ ನಿಂತಿವೆ. ದ್ವೀಪದ ಸುಮಾರು ಕಾಲು ಭಾಗ, 200 ಚದರ ಕಿ.ಮೀ. ಹತ್ತಿರ, ಲಾವಾದಡಿ ಹೋಯಿತು. ಹಳ್ಳಿಗಳು ಹೋದವು, ಫಲವತ್ತಾದ ಹೊಲಗಳೂ ಹೋದವು. 1824ರಲ್ಲಿ ಇನ್ನೊಮ್ಮೆ ಕೆಲವು ತಿಂಗಳು ಉಕ್ಕಿತು. ಆಮೇಲೆ ದ್ವೀಪದಲ್ಲಿ ಜ್ವಾಲಾಮುಖಿ ಉಕ್ಕಿಲ್ಲ.

ಉಕ್ಕಿಲ್ಲ ಅಂದರೆ ಆರಿದೆ ಅಂತ ಅಲ್ಲ. ತಿಮನ್‌ಫಾಯಾ ರಾಷ್ಟ್ರೀಯ ಉದ್ಯಾನದ ಒಂದು ಕಡೆ ಹದಿಮೂರು ಮೀಟರ್ ಆಳದಲ್ಲಿ ಬಿಸಿ 600 ಡಿಗ್ರಿ ಮುಟ್ಟುತ್ತದೆ. ಕೊಳವೆಗೆ ಒಂದು ಬಕೆಟ್ ನೀರು ಸುರಿದರೆ ಕ್ಷಣದಲ್ಲಿ ಬುಸ್ ಅಂತ ಆವಿಯಾಗಿ ಮೇಲೆ ಚಿಮ್ಮುತ್ತದೆ. ಒಣ ಮುಳ್ಳುಕಂಟಿ ಗುಂಡಿಗೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಪಕ್ಕದ ಹೋಟೆಲ್‌ನಲ್ಲಿ ಬಾವಿಯಂಥ ಗುಂಡಿಯ ಮೇಲೆ ಕಂಬಿ ಇಟ್ಟು ಈ ನೆಲದ ಬಿಸಿಯಲ್ಲೇ ಮಾಂಸ ಸುಡುತ್ತಾರೆ. ಇದು ಪ್ರವಾಸಿಗರಿಗೆ ತೋರಿಸುವ ಆಟ, ಒಪ್ಪಿದೆ. ಆದರೂ ನೋಡಿದರೆ ಕಾಲ ಕೆಳಗಿನ ನೆಲದ ಮೇಲಿನ ನಂಬಿಕೆ ಸ್ವಲ್ಪ ಅಲ್ಲಾಡುತ್ತದೆ.

ಸೈಕಲ್ ಗುಂಪಿಗೆ ಇಲ್ಲಿ ಒಂದು ಗಡಿ ಇದೆ. ಯಾಯ್ಸಾದಿಂದ ಮಾಂಚಾ ಬ್ಲಾಂಕಾ ಕಡೆಗೆ ಹೋಗುವ ಡಾಂಬರು ರಸ್ತೆ ಲಾವಾದ ನಡುವೆಯೇ ಹಾಯುತ್ತದೆ. ಅದರಲ್ಲಿ ಸೈಕಲ್ ಹೋಗಬಹುದು. ಆದರೆ ಜ್ವಾಲಾಮುಖಿಗಳ ಒಡಲೊಳಗೆ ಸುತ್ತುವ 14 ಕಿ.ಮೀ. ಒಳದಾರಿಯಲ್ಲಿ ಉದ್ಯಾನದ ಬಸ್ಸಿಗೆ ಮಾತ್ರ ಅವಕಾಶ. ಕಾರಿಲ್ಲ, ಸೈಕಲ್ಲಿಲ್ಲ, ಕಾಲ್ನಡಿಗೆಯೂ ಇಲ್ಲ. ರಸ್ತೆಯಿಂದ ಇಳಿದು ಲಾವಾದ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕೂ ಗೈಡ್ ಬಿಡುವುದಿಲ್ಲ.

'ಕಲ್ಲೇ ತಾನೇ, ಕಾಲಿಟ್ಟರೆ ಏನಾಗುತ್ತೆ?' ಅಂತ ಕೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಉತ್ತರ ಕಲ್ಲಿನ ಮೇಲಿರುವ ಬೂದುಬಣ್ಣದ ಕಲೆಗಳಲ್ಲಿದೆ. ಅದು ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ಬಳಗದ್ದೇ. ಮಣ್ಣಿಲ್ಲದ ಲಾವಾದ ಮೇಲೆ ಮೊದಲು ಬೇರೂರುವ ಜೀವ ಅದು. ಗಾಳಿಯಲ್ಲಿನ ತೇವ ಕುಡಿದು, ಕಲ್ಲನ್ನು ಕಣಕಣವಾಗಿ ಕರಗಿಸಿ, ಮುಂದೆ ಬರುವ ಗಿಡಕ್ಕೆ ಮಣ್ಣು ತಯಾರು ಮಾಡುತ್ತದೆ. ಮಳೆ ಇಲ್ಲದ ಊರಲ್ಲಿ ಈ ಕೆಲಸ ಬಹಳ ನಿಧಾನ. ಸುಮಾರು 290 ವರ್ಷ ಕಳೆದರೂ ನೆಲ ಮೊನ್ನೆ ಮೊನ್ನೆ ಆರಿದ ಹಾಗೆ ಕಾಣುವುದು ಅದಕ್ಕೇ. ಒಂದು ಹೆಜ್ಜೆ ಇಟ್ಟರೆ ಹಲವು ದಶಕಗಳ ಬೆಳವಣಿಗೆ ಪುಡಿ. ಕಲ್ಲು ಜೇಬಿಗೆ ಹಾಕಿಕೊಳ್ಳುವುದೂ ತಪ್ಪು.

ಕಲಬುರಗಿ, ಬೀದರ್, ವಿಜಯಪುರದ ಕಡೆಯವರಿಗೆ ಇದರ ಮುಂದಿನ ಕಥೆ ಮನೆಯಲ್ಲೇ ಗೊತ್ತು. ಅಲ್ಲಿನ ಎರೆ ಮಣ್ಣು ಕೂಡ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಕಲ್ಲು ಕರಗಿ ಆದದ್ದು. ದಖ್ಖನ್ನಿನಲ್ಲಿ ಆ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಲ್ಲಿ ಜೋಳ, ತೊಗರಿ ಬೆಳೆಯುತ್ತಿರುವುದು ಅಷ್ಟು ಹಳೆಯ ಕಲ್ಲಿನ ಮಣ್ಣಿನಲ್ಲಿ. ಲಾನ್ಸರೋಟೆಯಲ್ಲಿ ಆ ಕೆಲಸಕ್ಕೆ ಈಗಷ್ಟೇ ಗುದ್ದಲಿ ಪೂಜೆ ಆಗಿದೆ.

ಹಾಗಿದ್ದೂ ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ! ಅದೇ ಲಾ ಹೇರಿಯಾ. ಸೈಕಲ್‌ನಲ್ಲಿ ಹೋಗುವಾಗ ನನ್ನ ಪ್ರಕಾರ ಇಡೀ ದ್ವೀಪದಲ್ಲಿ ನೋಡಲೇಬೇಕಾದ ಜಾಗ ಇದೊಂದು. ಕರೀ ಇಳಿಜಾರಿನ ತುಂಬ ಸಾವಿರಾರು ಗುಂಡಿಗಳು. ಪ್ರತಿ ಗುಂಡಿಯ ನಡುವೆ ಒಂದೋ ಎರಡೋ ದ್ರಾಕ್ಷಿ ಬಳ್ಳಿ. ಗುಂಡಿಯ ಒಂದು ಬದಿಗೆ ಅರ್ಧಚಂದ್ರದ ಹಾಗೆ ಕಲ್ಲಿನ ಮೋಟುಗೋಡೆ. ಎಲ್ಲ ಗೋಡೆಗಳೂ ಒಂದೇ ಕಡೆ, ಗಾಳಿ ಬರುವ ಕಡೆ. ದಿಕ್ಸೂಚಿ ಬೇಡ, ಗೋಡೆಗಳನ್ನು ನೋಡಿದರೆ ಈಶಾನ್ಯ ಯಾವುದು ಅಂತ ಗೊತ್ತಾಗುತ್ತದೆ.

ಗುಂಡಿ ಯಾಕೆ? ಜ್ವಾಲಾಮುಖಿ ಉಗುಳಿದ ಕರೀ ಪುಡಿಗಲ್ಲು ಹಳೆಯ ಹೊಲದ ಮೇಲೆ ಅಡಿಗಟ್ಟಲೆ ಬಿದ್ದಿತ್ತು. ಇದನ್ನು ಅಲ್ಲಿ ಪಿಕೋನ್ ಅನ್ನುತ್ತಾರೆ. ಬಳ್ಳಿಯ ಬೇರು ಕೆಳಗಿನ ಹಳೆಯ ಮಣ್ಣನ್ನು ಮುಟ್ಟಬೇಕು, ಹಾಗಾಗಿ ಅಗೆದರು. ಕೆಲವು ಗುಂಡಿ ಮೂರು ಮೀಟರ್‌ವರೆಗೂ ಆಳ. ಅಗೆಯುವಾಗ ತಿಳಿದದ್ದು ಏನೆಂದರೆ, ಶಾಪ ಅಂದುಕೊಂಡಿದ್ದ ಈ ಪುಡಿಯ ಅಡಿಯಲ್ಲಿ ಮಣ್ಣು ಹಸಿಯಾಗಿಯೇ ಇದೆ.

ಅದು ಹೇಗೆ ಅಂದರೆ, ಮಣ್ಣಿನೊಳಗಿನ ನೀರು ಕೂದಲೆಳೆಯಂಥ ಸಂದುಗಳ ಮೂಲಕ ಮೇಲೆ ಬಂದು ಬಿಸಿಲಿಗೆ ಆವಿಯಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ. ಮೇಲೆ ದಪ್ಪ ಹರಳಿನ, ಒಡಕು ಪದರ ಇದ್ದರೆ ಆ ಬತ್ತಿ ತುಂಡಾಗುತ್ತದೆ. ನೀರು ಮೇಲೆ ಬರುವ ದಾರಿಯೇ ಇಲ್ಲ. ಮಳೆ ಬಂದರೆ ಮಾತ್ರ ಹರಳಿನ ಸಂದಿನಿಂದ ಸಲೀಸಾಗಿ ಕೆಳಗಿಳಿಯುತ್ತದೆ. ರಾತ್ರಿ ಸಮುದ್ರದ ತೇವ ತುಂಬಿದ ಗಾಳಿ ತಣ್ಣಗಾದಾಗ ಪಿಕೋನ್ ಅದನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ರೈತರು ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡುವುದರ ಹಿಂದೆಯೂ ಇದೇ ಲೆಕ್ಕ ಇದೆ: ಬತ್ತಿ ಕತ್ತರಿಸು, ತೇವ ಉಳಿಸು. ಇಲ್ಲಿ ಆ ಕೆಲಸ ಜ್ವಾಲಾಮುಖಿ ಮಾಡಿಕೊಟ್ಟಿತು. ಇಲ್ಲಿನ ಮುಖ್ಯ ದ್ರಾಕ್ಷಿ ಮಾಲ್ವಸಿಯಾ. ಎಲ್ ಗ್ರಿಫೊ ಎಂಬ ವೈನ್ ಮನೆ 1775ರಿಂದ ಇದೆ. ಗುಂಡಿಗೊಂದು ಬಳ್ಳಿ ಇರುವಲ್ಲಿ ಟ್ರ್ಯಾಕ್ಟರ್ ಓಡಿಸಲು ಆಗುವುದಿಲ್ಲ. ಅಗೆತ, ಸವರುವುದು, ಕೊಯ್ಲು, ಎಲ್ಲ ಕೈಯಲ್ಲೇ.

ಈಗ ಗೈಡ್ ಲೆಕ್ಕಕ್ಕೆ ಬನ್ನಿ. ಯಾಯ್ಸಾದಿಂದ ತಿಮನ್‌ಫಾಯಾ ನಡುವಿನ ರಸ್ತೆ ಈಶಾನ್ಯಕ್ಕೆ ಹೋಗುತ್ತದೆ, ಅಂದರೆ ಎದುರುಗಾಳಿ. ಲಾ ಹೇರಿಯಾ ರಸ್ತೆ ಊಗಾ ಕಡೆಗೆ ನೈಋತ್ಯಕ್ಕೆ ಬರುತ್ತದೆ, ಅಂದರೆ ಹಿಂದಿನ ಗಾಳಿ. ಆದ್ದರಿಂದ ಬೆಳಿಗ್ಗೆ ಲಾವಾ, ಮಧ್ಯಾಹ್ನ ದ್ರಾಕ್ಷಿ. ಬೆಳಿಗ್ಗೆ ಬೇಗ ಹೊರಟರೆ ಉದ್ಯಾನಕ್ಕೆ ಸಾಲುಗಟ್ಟುವ ಕಾರು, ಬಸ್ಸುಗಳೂ ತಪ್ಪುತ್ತವೆ. ನಡುವೆ ಮಾಂಚಾ ಬ್ಲಾಂಕಾದಲ್ಲಿ ಕಾಫಿ. 1736ರಲ್ಲಿ ಊರಿನವರು ಮಾತೆ ಮೇರಿಯ ಮೆರವಣಿಗೆ ಮಾಡಿ ಶಿಲುಬೆ ನೆಟ್ಟರಂತೆ, ಲಾವಾ ಅಲ್ಲಿಗೇ ನಿಂತಿತಂತೆ. ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ದ್ವೀಪದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ.

ಹೋಗುವವರಿಗೆ

ಗೈಡ್ ಜೊತೆಗಿನ ಪ್ರವಾಸ ಅಂದರೆ ಸಾಮಾನ್ಯವಾಗಿ ಎಂಟು ಹತ್ತು ಜನರ ಗುಂಪು, ಮುಂದೆ ಒಬ್ಬ ಗೈಡ್. ಗುಂಪು ದೊಡ್ಡದಾದರೆ ಹಿಂದೆ ಇನ್ನೊಬ್ಬರು. ದೂರದ ಸುತ್ತುಗಳಿಗೆ ನೀರು, ಬಟ್ಟೆ, ಬಿಡಿ ಚಕ್ರ ಹೊತ್ತ ವ್ಯಾನು. ಸೇರುವ ಮೊದಲು ಒಂದೇ ಪ್ರಶ್ನೆ ಸಾಕು: 'ಸರಾಸರಿ ವೇಗ ಎಷ್ಟು, ಒಟ್ಟು ಏರು ಎಷ್ಟು ಮೀಟರ್?' ಕಿಲೋಮೀಟರ್ ಮಾತ್ರ ಹೇಳಿ ಸುಮ್ಮನಾದರೆ ನಂಬಬೇಡಿ. ಇಲ್ಲಿ 60 ಕಿ.ಮೀ. ಎರಡು ಥರ ಇರುತ್ತದೆ.

ಬ್ಯಾಟರಿ ಸೈಕಲ್ ಹಿಡಿಯಲು ಮುಜುಗರ ಬೇಡ. ಯುರೋಪಿನ ನಿಯಮದಂತೆ ಅದರ ಮೋಟಾರ್ ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ನಿಲ್ಲಿಸುತ್ತದೆ. ಎದುರುಗಾಳಿಯ ಏರಿನಲ್ಲಿ ಯಾರೂ ಅಷ್ಟು ವೇಗ ಮುಟ್ಟುವುದಿಲ್ಲವಾದ್ದರಿಂದ ಬೇಕಾದ ಕಡೆಯೇ ಅದು ಕೈ ಹಿಡಿಯುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಸೈಕಲ್ ಹುಚ್ಚಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ರಸ್ತೆಯ ಬಲಗಡೆ ಹೋಗಬೇಕು, ಇದು ನಮ್ಮವರು ಮೊದಲ ದಿನ ಮರೆಯುವ ವಿಷಯ. ಅದರಲ್ಲೂ ಸರ್ಕಲ್‌ಗಳಲ್ಲಿ. ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಇಬ್ಬರು ಅಕ್ಕಪಕ್ಕ ಹೋಗಬಹುದು, ಮೂವರು ಇಲ್ಲ. ಕಾರಿನವರು ದಾಟುವಾಗ ಸೈಕಲ್‌ನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಬಿಡಬೇಕು ಅಂತ ಸ್ಪೇನ್‌ನ ಕಾನೂನು. ಆಶ್ಚರ್ಯ ಅಂದರೆ ಬಿಡುತ್ತಾರೆ. ಭಾರತದಿಂದ ನೇರ ವಿಮಾನ ಇಲ್ಲ. ಷೆಂಗೆನ್ ವೀಸಾ ಮಾಡಿಸಿಕೊಂಡು ಮ್ಯಾಡ್ರಿಡ್‌ನಂಥ ಊರಿನಲ್ಲಿ ವಿಮಾನ ಬದಲಿಸಬೇಕು.

ಇನ್ನೊಂದು ಮಾತು. ಇಡೀ ದ್ವೀಪ 1993ರಿಂದ ಯುನೆಸ್ಕೋದ ಜೀವಗೋಳ ರಕ್ಷಿತ ಪ್ರದೇಶ. ಅಲ್ಲಿನ ಜನ ಒಂದೂವರೆ ಲಕ್ಷ ಚಿಲ್ಲರೆ. ವರ್ಷಕ್ಕೆ ಬರುವ ಪ್ರವಾಸಿಗರು 30 ಲಕ್ಷದ ಆಸುಪಾಸು. ಕುಡಿಯುವ ನೀರು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು. 2024ರ ಏಪ್ರಿಲ್‌ನಲ್ಲಿ ಕ್ಯಾನರಿ ದ್ವೀಪಗಳ ಜನ 'ನಮ್ಮ ದ್ವೀಪಗಳಿಗೂ ಒಂದು ಮಿತಿ ಇದೆ' ಅಂತ ಬೀದಿಗಿಳಿದರು. ಸೈಕಲ್‌ನವರು ಕಾರಿನವರಿಗಿಂತ ವಾಸಿ ಇರಬಹುದು, ಆದರೆ ನಾವೂ ಆ 30 ಲಕ್ಷದಲ್ಲೇ ಬರುತ್ತೇವೆ. ಸ್ನಾನಕ್ಕೆ ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವಾಗ ಇದು ನೆನಪಿರಲಿ.

ಗಾಳಿ ಯಾವಾಗಲೂ ಈಶಾನ್ಯದಿಂದಲೇ ಬರುತ್ತದೆ ಅಂತ ಇಷ್ಟು ಹೊತ್ತು ಹೇಳಿದೆ. ಅದು ತಪ್ಪುವ ದಿನಗಳೂ ಇವೆ. ಒಮ್ಮೊಮ್ಮೆ ಸಹಾರಾ ಮರುಭೂಮಿಯ ಕಡೆಯಿಂದ, ಪೂರ್ವದಿಂದ, ಬಿಸಿ ಗಾಳಿ ಧೂಳು ಹೊತ್ತು ಬರುತ್ತದೆ. ಇದಕ್ಕೆ ಕಲಿಮಾ ಅಂತ ಹೆಸರು. ಆಕಾಶ ಗೋಧಿಹಿಟ್ಟು ಚೆಲ್ಲಿದ ಹಾಗೆ ಮಂಕಾಗುತ್ತದೆ, ಬಿಸಿ ದಿಢೀರನೆ ಏರುತ್ತದೆ, ಗಂಟಲು ಒಣಗುತ್ತದೆ. ಅಂಥ ದಿನ ಮೇಲೆ ಹೇಳಿದ ದಾರಿಗಳೆಲ್ಲ ಉಲ್ಟಾ. ದ್ರಾಕ್ಷಿ ತೋಟದ ಗೋಡೆಗಳ ಮರೆಯೂ ಅವತ್ತು ಅರ್ಧಂಬರ್ಧ. ಧೂಳು ತೆಳುವಾಗಿದ್ದರೆ ಗೈಡ್ ಸುತ್ತನ್ನು ತಿರುಗಿಸಿ, ಚಿಕ್ಕದು ಮಾಡಿ, ಎಲ್ಲರ ಬಾಟಲಿಗೆ ಜಾಸ್ತಿ ನೀರು ತುಂಬಿಸಿ ಹೊರಡುತ್ತಾರೆ. ದಟ್ಟವಾಗಿದ್ದರೆ ಸೈಕಲ್‌ಗಳನ್ನು ವಾಪಸ್ ಶೆಡ್ಡಿಗೆ ತಳ್ಳಿ, ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಅನ್ನುತ್ತಾರೆ.